ಮಳೆ ಬಿದ್ದ ಮರುದಿನ ಬಾವಿ ರಾಡಿಯಾದರೆ: ಸುಣ್ಣಕಲ್ಲಿನ ಊರಲ್ಲಿ ನೀರಿನ ದೋಷ ಹುಡುಕೋದು ಹೇಗೆ

ನಮ್ಮ ಬಾವಿ ಸೇಡಂ ಕಡೆಯದು, 40 ಅಡಿ ಆಳ. ಕೆಲವು ವರ್ಷಗಳ ಹಿಂದೆ ಮುಂಗಾರಿನ ಮೊದಲ ದೊಡ್ಡ ಮಳೆ ರಾತ್ರಿ ಹೊತ್ತು ಬಿತ್ತು. ಬೆಳಿಗ್ಗೆ ಅವ್ವ ಕೊಡ ಎತ್ತಿ ನೋಡಿದರೆ ನೀರು ಹಾಲು ಕಮ್ಮಿ ಹಾಕಿದ ಚಹಾದ ಥರ ಇತ್ತು. ಮೊದಲ ಮಳೆಗೆ ಹೀಗೇ ಆಗೋದು ಅಂತ ಸುಮ್ನೆ ಬಿಟ್ಟೆವು. ಆಮೇಲೆ ಯೋಚನೆ ಹತ್ತಿತು. ರಾತ್ರಿ ಬಿದ್ದ ನೀರು ಬೆಳಗಾಗುವಷ್ಟರಲ್ಲಿ 40 ಅಡಿ ಕೆಳಗೆ ಬಂದು ಕೂತಿದೆ. ದಾರಿಯಲ್ಲಿ ತಿಪ್ಪೆ ಇತ್ತು, ಬಚ್ಚಲು ಇತ್ತು, ಯೂರಿಯಾ ಹಾಕಿದ ಹೊಲ ಇತ್ತು. ಮಳೆ ನೀರು ಒಂದೇ ಬಂದಿರುತ್ತದೆಯೇ?

ಶಹಾಬಾದ್ ಕಲ್ಲು ಎಲ್ಲರಿಗೂ ಗೊತ್ತು. ಎಷ್ಟೋ ಮನೆಗಳ ನೆಲಕ್ಕೆ ಹಾಸಿರುವ ಬೂದು ಹಾಸುಗಲ್ಲು. ಅದು ಸುಣ್ಣಕಲ್ಲು. ಸೇಡಂ, ಚಿತ್ತಾಪುರ, ಶಹಾಬಾದ್, ವಾಡಿ ಕಡೆಯವರಿಗೆ ಅದು ಮನೆಯ ನೆಲದಲ್ಲೂ ಇದೆ, ನೆಲದ ಕೆಳಗೂ ಇದೆ. ಬಾಗಲಕೋಟೆ ಜಿಲ್ಲೆಯ ಲೋಕಾಪುರ, ಮುಧೋಳದ ಸುತ್ತಲೂ ಸುಣ್ಣಕಲ್ಲಿದೆ. ಈ ಕಡೆ ಬಾವಿ ಅಥವಾ ಬೋರ್ ನೀರು ಕುಡಿಯುವವರಿಗಾಗಿ ಇದನ್ನು ಬರೆದಿದ್ದೇನೆ. ಖರ್ಚಿಲ್ಲದ ಪರೀಕ್ಷೆಗಳು ಮೊದಲು, ದುಡ್ಡು ಬೇಕಾದವು ಆಮೇಲೆ. ಆದರೆ ಮನೆಯಲ್ಲಿ ಯಾರಿಗಾದರೂ ಭೇದಿ ಶುರುವಾಗಿದ್ದರೆ ನೇರವಾಗಿ ಆ ಭಾಗಕ್ಕೆ ಹೋಗಿ. ಉಳಿದದ್ದು ಆಮೇಲೆ ಓದಿದರಾಯಿತು.

ಪಾತ್ರೆಗೆ ಬಿಳಿ ಪೊರೆ ಕಟ್ಟುತ್ತದೆ, ಸೋಪು ನೊರೆ ಬರಲ್ಲ

ಇದು ದೋಷ ಅಲ್ಲ. ಜನ ಜಾಸ್ತಿ ಹೆದರುವುದು ಇದಕ್ಕೇ, ದುಡ್ಡು ಸುರಿಯುವುದೂ ಇದಕ್ಕೇ. ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ.

ಮಳೆ ನೀರು ಗಾಳಿಯಿಂದ, ಅದಕ್ಕಿಂತ ಜಾಸ್ತಿ ಮಣ್ಣಿನಿಂದ, ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಒಂಚೂರು ಹುಳಿಯಾಗುತ್ತದೆ. ಸೋಡಾ ಎಷ್ಟು ಹುಳಿಯೋ ಅದಕ್ಕಿಂತ ಎಷ್ಟೋ ಕಮ್ಮಿ. ಆದರೆ ಸುಣ್ಣಕಲ್ಲು ಅಷ್ಟಕ್ಕೇ ಕರಗುತ್ತದೆ. ಕರಗಿದ ಸುಣ್ಣ ನೀರಿನ ಜೊತೆ ನಿಮ್ಮ ಮನೆಗೆ ಬರುತ್ತದೆ. ನೀರು ಕಾಯಿಸಿದಾಗ ಪಾತ್ರೆಯ ತಳಕ್ಕೆ ಬಿಳಿಯಾಗಿ ಕೂರುತ್ತದೆ.

ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರು ಇಲ್ಲದಿದ್ದರೆ 600ರವರೆಗೂ ನಡೆಯುತ್ತದೆ.

ಆದರೆ ಒಂದು ಸಲ ಆ ಪೊರೆಯನ್ನು ಉಗುರಿನಿಂದ ಕೆರೆದು ನೋಡಿ. ನಿಮ್ಮ ಕಾಲ ಕೆಳಗಿನ ಬಂಡೆ ಅದು. ಅಷ್ಟು ಬಂಡೆ ಅಲ್ಲಿಂದ ಎದ್ದು ಬಂದಿದೆ, ಅಂದರೆ ಅಲ್ಲಿ ಅಷ್ಟು ಜಾಗ ಖಾಲಿಯಾಗಿದೆ. ಲಕ್ಷಾಂತರ ವರ್ಷ ಹೀಗೇ ನಡೆದರೆ ಕೂದಲೆಳೆಯಷ್ಟಿದ್ದ ಬಿರುಕು ಕೈ ತೂರುವಷ್ಟಾಗುತ್ತದೆ, ಕೆಲವು ಕಡೆ ಮನುಷ್ಯ ನಡೆಯುವಷ್ಟು. ಆಂಧ್ರದ ಬೇಲಂ ಗುಹೆಗಳು 3 ಕಿಲೋಮೀಟರಿಗಿಂತ ಉದ್ದ ಇವೆ, ಅವೂ ಹೀಗೆ ಆದವೇ. ನಮ್ಮ ಕಡೆ ಅಷ್ಟು ದೊಡ್ಡ ಗುಹೆಗಳು ಬೇಕಿಲ್ಲ. ಹಾಸು ಹಾಸಾಗಿ ಕೂತ ಕಲ್ಲಿನ ನಡುವಿನ ಸಂದುಗಳೇ ಸಾಕು.

ಮಣ್ಣು, ಮರಳಿನಲ್ಲಿ ನೀರು ದಿನಕ್ಕೆ ಕೆಲವು ಸೆಂಟಿಮೀಟರಿನಿಂದ ಒಂದೆರಡು ಮೀಟರ್ ಹೋದರೆ ಹೆಚ್ಚು. ಹಾಗೆ ನಿಧಾನ ಹೋಗುವಾಗ ಸೋಸುತ್ತದೆ, ರೋಗಾಣು ದಾರಿಯಲ್ಲೇ ಸಾಯುತ್ತವೆ. ಸುಣ್ಣಕಲ್ಲಿನ ಸಂದಿನಲ್ಲಿ ನೀರು ದಿನಕ್ಕೆ ನೂರಾರು ಮೀಟರ್ ಓಡಬಹುದು, ಕೆಲವು ಕಡೆ ಕಿಲೋಮೀಟರ್‌ಗಟ್ಟಲೆ. ಅಲ್ಲಿ ಸೋಸುವವರು ಯಾರೂ ಇಲ್ಲ. ಇಲ್ಲಿನ ಅಂತರ್ಜಲವನ್ನು ಅಂತರ್ಜಲ ಅನ್ನುವುದಕ್ಕಿಂತ ನೆಲದಡಿಯ ಹಳ್ಳ ಅಂದುಕೊಂಡರೆ ಲೆಕ್ಕ ಸರಿಯಾಗುತ್ತದೆ.

ಮಳೆ ಬಿದ್ದ ಮೇಲೆ ನೀರು ರಾಡಿಯಾಗುತ್ತದೆ

ಒಂದು ಗಾಜಿನ ಬಾಟಲಿ ತಗೊಳ್ಳಿ. ಮೋಟಾರು ಹಾಕಿದ ಕೂಡಲೇ ಒಂದು ಸಲ, ಹತ್ತು ನಿಮಿಷ ಬಿಟ್ಟು ಇನ್ನೊಂದು ಸಲ ನೀರು ಹಿಡಿದು ಬಿಸಿಲಿಗೆ ಇಟ್ಟು ನೋಡಿ.

ಶುರುವಿನಲ್ಲಿ ಮಾತ್ರ ರಾಡಿ ಇದ್ದು ಆಮೇಲೆ ತಿಳಿಯಾದರೆ ಬೋರಿನ ತಳದಲ್ಲಿ ಕೂತ ಹೂಳು, ಅಷ್ಟೇ. ಮಳೆ ಇರಲಿ ಬಿಡಲಿ ವರ್ಷವಿಡೀ ರಾಡಿ ಬಂದರೆ ಕೇಸಿಂಗ್ ಪೈಪು ಒಡೆದಿರಬಹುದು, ಇಲ್ಲವೇ ಪಂಪನ್ನು ತಳಕ್ಕೆ ತೀರಾ ಹತ್ತಿರ ಇಳಿಸಿರಬಹುದು. ಅದು ಬೋರ್ ಮೆಕ್ಯಾನಿಕ್ ಕೆಲಸ. ಮಳೆ ಬಿದ್ದು ಕೆಲವು ಗಂಟೆಯಿಂದ ಒಂದೆರಡು ದಿನದೊಳಗೆ ರಾಡಿಯಾಗಿ, ಮತ್ತೆ ತಾನೇ ತಿಳಿಯಾದರೆ ಮೇಲಿನ ನೀರು ನೇರವಾಗಿ ಕೆಳಗಿಳಿಯುತ್ತಿದೆ ಅಂತ ಅರ್ಥ.

ಎಲ್ಲಿಂದ ಇಳಿಯುತ್ತಿದೆ? ಮೊದಲು ಬಾವಿಯ ಸುತ್ತ ನೋಡಿ. ಕಟ್ಟೆ ಬಿರಿದಿದೆಯಾ? ಬೋರ್ ಆದರೆ ಕೇಸಿಂಗ್ ನೆಲದಿಂದ ಒಂದಡಿಯಾದರೂ ಮೇಲಿದೆಯಾ, ಅದರ ಸುತ್ತ ಸಿಮೆಂಟ್ ಹಾಕಿದೆಯಾ? ಒಂದು ಬಕೆಟ್ ನೀರು ಸುರಿದು ನೋಡಿ. ಪೈಪಿನ ಪಕ್ಕದಲ್ಲೇ ಇಂಗಿ ಮಾಯವಾದರೆ ತಪ್ಪು ಅಲ್ಲೇ ಇದೆ. ಇದನ್ನು ಸರಿಮಾಡಲು ಒಂದು ಚೀಲ ಸಿಮೆಂಟ್ ಸಾಕು.

ಅಲ್ಲಿ ಸರಿಯಿದ್ದರೆ ಕೊಡೆ ಹಿಡಿದು ಮಳೆಯಲ್ಲೇ ಒಂದು ಸುತ್ತು ಹೋಗಿ ಬನ್ನಿ. ಬಿಸಿಲಲ್ಲಿ ಹೋದರೆ ಏನೂ ಕಾಣಲ್ಲ. ನೀರು ಎಲ್ಲಿ ಹರಿದು ಬಂದು ಇದ್ದಕ್ಕಿದ್ದ ಹಾಗೆ ನಿಲ್ಲದೆ ಮಾಯವಾಗುತ್ತದೆ ನೋಡಿ. ಹಳ್ಳದ ದಂಡೆಯಲ್ಲಿ ಒಂದು ಸಂದು, ಬೇಲಿ ಬುಡದ ಒಂದು ತಗ್ಗು, ಬಿಟ್ಟುಹೋದ ಹಳೇ ಖಣಿ. ನಮ್ಮ ಕಡೆ ಕಲ್ಲು ತೆಗೆದು ಬಿಟ್ಟ ಖಣಿಗಳಿಗೆ ಊರ ಕಸ ಸುರಿಯುವ ರೂಢಿ ಇದೆ. ಖಣಿ ಅಂದರೆ ಮೇಲಿನ ಮಣ್ಣನ್ನೆಲ್ಲ ತೆಗೆದು ಕಲ್ಲಿನ ಸಂದು ಬಯಲಿಗೆ ಬಿಟ್ಟ ಜಾಗ. ಅಲ್ಲಿ ಕಸ ಹಾಕುವುದೂ ಬಾವಿಗೆ ಹಾಕುವುದೂ ಹೆಚ್ಚುಕಮ್ಮಿ ಒಂದೇ.

ಎರೆ ಹೊಲವನ್ನೂ ಮರೆಯಬೇಡಿ. ಬೇಸಿಗೆಯಲ್ಲಿ ಎರೆ ಮಣ್ಣು ಕೈ ಹೋಗುವಷ್ಟು ಬಿರಿಯುತ್ತದೆ. ಒದ್ದೆಯಾಗಿ ಉಬ್ಬಿಕೊಂಡರೆ ಅದೇ ಮಣ್ಣು ನೀರನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಉಬ್ಬಿ ಬಿರುಕು ಮುಚ್ಚುವ ಮೊದಲೇ ಮೊದಲ ಮಳೆಯ ನೀರು ಒಳಗೆ ಹೋಗಿರುತ್ತದೆ. ಮೊದಲ ಮಳೆಯ ರಾಡಿ ಕೊನೆಯ ಮಳೆಗಿಂತ ಕೆಟ್ಟದ್ದಾಗಿರಲು ಇದೂ ಒಂದು ಕಾರಣ.

ಇನ್ನೊಂದು ಕೆಲಸ ಮಾಡಿ. ನಿಮ್ಮ ಬೋರ್ ಕೊರೆದವರನ್ನು ಕೇಳಿ: ಕೊರೆಯುವಾಗ ರಾಡ್ ಎಲ್ಲಾದರೂ ತಟ್ಟನೆ ಕೆಳಗೆ ಜಾರಿತ್ತಾ? ಜಾರಿದ್ದರೆ ಅಲ್ಲಿ ಪೊಳ್ಳು ಇದೆ. ನಿಮ್ಮ ನೀರು ಬರುವ ದಾರಿಯೂ ಅದೇ ಇರಬಹುದು.

*ಎಚ್ಚರಿಕೆ:* ಬಾವಿಗೆ ಇಳಿದು ನೋಡುವ ಸಾಹಸ ಬೇಡ. ಬಾವಿಯ ತಳದಲ್ಲಿ ಇಂಗಾಲದ ಡೈಆಕ್ಸೈಡ್ ನಿಂತಿರಬಹುದು, ಉಸಿರಾಡುವ ಗಾಳಿ ಕಮ್ಮಿ ಇರಬಹುದು. ಒಬ್ಬರು ಬಿದ್ದರೆಂದು ಎತ್ತಲು ಇಳಿದ ಇನ್ನೊಬ್ಬರೂ ಸಾಯುವುದು ಹೀಗೇ. ಹೊಲದಲ್ಲಿ ಹೊಸದಾಗಿ ನೆಲ ಕುಸಿದು ಗುಂಡಿ ಬಿದ್ದಿದ್ದರೆ ಅಂಚಿಗೆ ಹೋಗಿ ಬಗ್ಗಿ ನೋಡಬೇಡಿ. ದನ, ಮಕ್ಕಳು ಹೋಗದಂತೆ ಸುತ್ತ ಮುಳ್ಳು ಹಾಕಿ, ಪಂಚಾಯಿತಿಗೆ ತಿಳಿಸಿ.

ಮಳೆ ಬಂದ ಮೇಲೆ ಬೇಳೆ ಬೇಗ ಬೇಯುತ್ತದೆ

ಇದನ್ನು ಲಕ್ಷಣ ಅಂತ ಯಾರೂ ಹೇಳಲ್ಲ. ನನಗೆ ತೋರಿಸಿಕೊಟ್ಟದ್ದು ನಮ್ಮ ಅಡುಗೆಮನೆ.

ಗಡಸು ನೀರಲ್ಲಿ ತೊಗರಿಬೇಳೆ ಬೇಯಲು ಹೊತ್ತು ಹಿಡಿಯುತ್ತದೆ, ತೊಗರಿ ಬೆಳೆಯುವ ನಮಗೆ ಅದು ಚೆನ್ನಾಗಿ ಗೊತ್ತು. ಜೋರು ಮಳೆ ಬಂದ ಮರುದಿನ ಮಾತ್ರ ಬೇಳೆ ಬೇಗ ಮೆತ್ತಗಾಗುತ್ತದೆ, ಸೋಪು ಚೆನ್ನಾಗಿ ನೊರೆ ಬರುತ್ತದೆ. ಅವ್ವನಿಗೆ ಖುಷಿ. ಆದರೆ ನಿಜ ಏನು ಅಂದರೆ, ಕಲ್ಲಿನ ಜೊತೆ ತಿಂಗಳುಗಟ್ಟಲೆ ಇದ್ದು ಸುಣ್ಣ ಕರಗಿಸಿಕೊಳ್ಳಬೇಕಿದ್ದ ನೀರು ಹಾಗೆ ಇರಲೇ ಇಲ್ಲ. ನಿನ್ನೆಯ ಮಳೆ ಹಾಗೇ ಬಂದು ಬಾವಿ ಸೇರಿದೆ. ನೀರು ರಾಡಿ ಇಲ್ಲದೆ ತಿಳಿಯಾಗಿದ್ದರೂ ಇದೊಂದು ಗುರುತು ಸಾಕು.

ಪಕ್ಕಾ ಮಾಡಿಕೊಳ್ಳಲು ಒಂದು ಟಿಡಿಎಸ್ ಪೆನ್ ತಗೊಳ್ಳಿ, ಅಂದರೆ ನೀರಲ್ಲಿ ಸುಣ್ಣ, ಉಪ್ಪು ಎಷ್ಟು ಕರಗಿದೆ ಅಂತ ತೋರಿಸುವ ಸಣ್ಣ ಮೀಟರು. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಮೇ ತಿಂಗಳಲ್ಲಿ ವಾರಕ್ಕೊಮ್ಮೆ, ಮಳೆಗಾಲದಲ್ಲಿ ದಿನಾ ಅಳೆದು ಕ್ಯಾಲೆಂಡರ್ ಮೇಲೆ ಬರೆದಿಡಿ. ಮಳೆ ಬಿದ್ದ ಒಂದೆರಡು ದಿನದಲ್ಲಿ ಅಂಕಿ ತಟ್ಟನೆ ಇಳಿದು, ಆಮೇಲೆ ನಿಧಾನಕ್ಕೆ ಏರಿದರೆ ನಿಮ್ಮ ಬಾವಿಗೆ ತೆರೆದ ದಾರಿ ಇದೆ. ಅಂಕಿ ಅಲುಗಾಡದೆ ಇದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ, ನೀರು ನಿಧಾನವಾಗಿ ಸಣ್ಣ ಸಂದುಗಳಿಂದ ಬರುತ್ತಿದೆ. ಮುಂದಿನ ಮಳೆಗಾಲಕ್ಕೂ ಹಾಗೇ ಇರುತ್ತದೆಯಾ ಅಂತ ಮತ್ತೆ ನೋಡಬೇಕು.

ಒಂದು ಮಾತು: ಟಿಡಿಎಸ್ ಕಮ್ಮಿ ಬಂದರೆ ನೀರು ಶುದ್ಧ ಅಂತ ತಿಳಿಯಬೇಡಿ. ಈ ಪೆನ್ನಿಗೆ ರೋಗಾಣು ಕಾಣಲ್ಲ. ಇಲ್ಲಿ ನೋಡಬೇಕಾದದ್ದು ಅಂಕಿಯ ಏರಿಳಿತ.

ವಾಸನೆ ಬರುತ್ತದೆ

*ಕೊಳೆತ ಮೊಟ್ಟೆಯ ವಾಸನೆ:* ನೀರಲ್ಲಿ ಹೈಡ್ರೋಜನ್ ಸಲ್ಫೈಡ್ ಇದೆ. ಬಹಳ ದಿನ ಬಳಸದ ಬೋರಿನಲ್ಲಿ ಸಹಜವಾಗಿಯೇ ಬರಬಹುದು. ಅರ್ಧ ಗಂಟೆ ಪಂಪು ಹಾಕಿಬಿಡಿ. ಹೋದರೆ ಸರಿ, ಹೋಗದಿದ್ದರೆ ಪರೀಕ್ಷೆಗೆ ಕಳಿಸಿ.

*ಬಚ್ಚಲ ವಾಸನೆ, ಕೊಡ ತುಂಬಿದಾಗ ಸೋಪಿನಂಥ ನೊರೆ:* ಕೊಳಚೆ ನೀರು ಸೇರಿದೆ. ಕುಡಿಯುವುದು ನಿಲ್ಲಿಸಿ, ಮುಂದಿನ ಎರಡು ಭಾಗ ಓದಿ.

*ಸೀಮೆಎಣ್ಣೆ, ಡೀಸೆಲ್, ಪೆಟ್ರೋಲ್ ವಾಸನೆ:* ಇಲ್ಲಿ ಮನೆಮದ್ದು ಇಲ್ಲ. ಕಾಯಿಸಿದರೆ ಹೋಗುತ್ತದೆ ಅಂತ ಒಲೆ ಮೇಲಿಡಬೇಡಿ. ಬಾವಿಯ ಹತ್ತಿರ ಬೀಡಿ, ಬೆಂಕಿಕಡ್ಡಿ, ವೆಲ್ಡಿಂಗ್ ಯಾವುದೂ ಬೇಡ. ಮೋಟಾರಿನ ಸ್ವಿಚ್ ಬಾವಿ ಪಕ್ಕದಲ್ಲೇ ಇದ್ದರೆ ಅದನ್ನೂ ಮುಟ್ಟಬೇಡಿ. ಪೆಟ್ರೋಲಿನ ಆವಿ ಕಲ್ಲಿನ ಪೊಳ್ಳಿನಲ್ಲಿ ನಿಂತು ಮನೆಯೊಳಗೆ ಏರಿದ್ದೂ ಉಂಟು. ಸುಣ್ಣಕಲ್ಲಿನ ಮೇಲೇ ಕಟ್ಟಿದ ಅಮೆರಿಕದ ಬೌಲಿಂಗ್ ಗ್ರೀನ್ ಊರು 1980ರ ದಶಕದಲ್ಲಿ ಈ ಕಷ್ಟ ಅನುಭವಿಸಿದೆ. ಅಗ್ನಿಶಾಮಕ ದಳಕ್ಕೂ ಜಿಲ್ಲಾಡಳಿತಕ್ಕೂ ಫೋನ್ ಮಾಡಿ, ಅಕ್ಕಪಕ್ಕದವರಿಗೂ ಹೇಳಿ.

ಮನೆಯಲ್ಲಿ ಇಬ್ಬರು ಮೂವರಿಗೆ ವಾಂತಿ, ಭೇದಿ

ದೋಷ ಹುಡುಕುವ ಕೆಲಸ ಇಲ್ಲಿಗೆ ನಿಲ್ಲಿಸಿ. ಮೊದಲು ಮನುಷ್ಯರನ್ನು ನೋಡಿ.

1. ಆ ನೀರನ್ನು ಕುಡಿಯಲು, ಹಲ್ಲುಜ್ಜಲು, ತರಕಾರಿ ತೊಳೆಯಲು ಬಳಸಬೇಡಿ.
2. ಬೇರೆ ನೀರು ಇಲ್ಲದಿದ್ದರೆ ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷವಾದರೂ ಕುದಿಸಿ.
3. ಕಾಯಿಲೆ ಬಿದ್ದವರಿಗೆ ಒಆರ್‌ಎಸ್ ಕುಡಿಸಿ.
4. ಅಕ್ಕಿ ತೊಳೆದ ನೀರಿನಂಥ ಭೇದಿ, ರಕ್ತ ಬೀಳುವುದು, ಮೂತ್ರ ಕಮ್ಮಿಯಾಗುವುದು, ಕಣ್ಣು ಗುಳಿಬೀಳುವುದು, ಮಗು ಮಂಕಾಗುವುದು ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಿ.
5. ಆಶಾ ಕಾರ್ಯಕರ್ತೆಗೆ ತಿಳಿಸಿ. ನಿಮ್ಮ ಬಾವಿಗೆ ಬಂದ ನೀರು ಓಣಿಯ ಬೇರೆ ಬಾವಿಗಳಿಗೂ ಬಂದಿರಬಹುದು.

ಮನೆಯ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕುವುದಾದರೆ 1000 ಲೀಟರ್ ತಿಳಿ ನೀರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಪುಡಿ. ಮೊದಲು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂರಲು ಬಿಡಿ. ಮೇಲಿನ ತಿಳಿಯನ್ನು ಮಾತ್ರ ಟ್ಯಾಂಕಿಗೆ ಹಾಕಿ, ಒಂದು ಗಂಟೆ ಬಿಟ್ಟು ಬಳಸಿ. ರಾಡಿ ನೀರಲ್ಲಿ ಕ್ಲೋರಿನ್ ಮಣ್ಣಿನ ಜೊತೆಯೇ ಮುಗಿದುಹೋಗುತ್ತದೆ, ಹಾಗಾಗಿ ಮೊದಲು ತಿಳಿ ಮಾಡಿಕೊಳ್ಳಿ. ಸಾಮಾನ್ಯವಾಗಿ ಬಾವಿಗೇ ಹಾಕಿ ಅನ್ನುತ್ತಾರೆ. ಸುಣ್ಣಕಲ್ಲಿನ ಬಾವಿಗೆ ಹೊಸ ನೀರು ಬರುತ್ತಲೇ ಇರುವುದರಿಂದ ಬೆಳಿಗ್ಗೆ ಹಾಕಿದ್ದು ಸಂಜೆಗೆ ಉಳಿದಿರದೇ ಇರಬಹುದು. ನಾನು ಟ್ಯಾಂಕಿಗೇ ಹಾಕುತ್ತೇನೆ. ಬ್ಲೀಚಿಂಗ್ ಪೌಡರನ್ನು ಪಾಯಖಾನೆ ತೊಳೆಯುವ ಆಸಿಡ್ ಜೊತೆ ಯಾವತ್ತೂ ಸೇರಿಸಬೇಡಿ, ವಿಷಗಾಳಿ ಏಳುತ್ತದೆ. ಕೆಲವು ರೋಗಾಣುಗಳಿಗೆ ಕ್ಲೋರಿನ್ ನಾಟುವುದೇ ಇಲ್ಲ, ಕುದಿಸುವುದಕ್ಕೆ ಮಾತ್ರ ಸಾಯುತ್ತವೆ.

ಅತಿ ಮಾಡಿ ಹೇಳುತ್ತಿದ್ದಾನೆ ಅನಿಸಿದರೆ ವಾಕರ್ಟನ್ ಕಥೆ ಕೇಳಿ. ಕೆನಡಾದ ಒಂಟಾರಿಯೋ ಪ್ರಾಂತ್ಯದ ಸಣ್ಣ ಊರು, ಸುಮಾರು 5 ಸಾವಿರ ಜನ. 2000ರ ಮೇ ತಿಂಗಳಲ್ಲಿ ಜೋರು ಮಳೆ ಬಿತ್ತು. ಹತ್ತಿರದ ಹೊಲಕ್ಕೆ ಹಾಕಿದ್ದ ದನದ ಗೊಬ್ಬರದಿಂದ ರೋಗಾಣು ಬಿರುಕು ಬಿಟ್ಟ ಸುಣ್ಣಕಲ್ಲಿನ ಜಾತಿಯ ಬಂಡೆಯ ಮೂಲಕ ಊರಿಗೆ ನೀರು ಕೊಡುವ 5ನೇ ನಂಬರ್ ಬಾವಿಗೆ ಇಳಿಯಿತು. ಸುಮಾರು 2300 ಜನ ಕಾಯಿಲೆ ಬಿದ್ದರು, 7 ಜನ ಸತ್ತರು. ತನಿಖೆಯಾದಾಗ ಆ ರೈತನ ತಪ್ಪೇನೂ ಕಾಣಲಿಲ್ಲ. ಗೊಬ್ಬರವನ್ನು ಕ್ರಮವಾಗಿಯೇ ಹಾಕಿದ್ದ. ತಪ್ಪು ಕಂಡದ್ದು ಕ್ಲೋರಿನ್ ಸರಿಯಾಗಿ ಹಾಕದ, ದಿನಾ ಅಳೆಯದೆ ಸುಳ್ಳು ಅಂಕಿ ಬರೆದ ನೀರು ಸರಬರಾಜಿನವರಲ್ಲಿ.

ನೀರು ತಿಳಿ, ರುಚಿ ಚೆನ್ನ, ಯಾವ ಲಕ್ಷಣವೂ ಇಲ್ಲ

ನೈಟ್ರೇಟ್ ಹೀಗೇ ಬರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿಯೂ ಇಲ್ಲ. ಯೂರಿಯಾ, ತಿಪ್ಪೆ, ಪಾಯಖಾನೆ ಗುಂಡಿ ಇದರ ಮೂಲ. ಮಿತಿ ಲೀಟರಿಗೆ 45 ಮಿಲಿಗ್ರಾಂ. ದೊಡ್ಡವರಿಗೆ ತಕ್ಷಣಕ್ಕೆ ಏನೂ ಗೊತ್ತಾಗಲ್ಲ. ಆರು ತಿಂಗಳೊಳಗಿನ ಕೂಸಿಗೆ ಈ ನೀರಲ್ಲಿ ಪುಡಿ ಹಾಲು ಕಲಸಿ ಕೊಟ್ಟರೆ ರಕ್ತ ಆಮ್ಲಜನಕ ಒಯ್ಯಲಾಗದೆ ತುಟಿ, ಉಗುರು ನೀಲಿಯಾಗಬಹುದು. ಹಾಗೆ ಕಂಡರೆ ಅದೇ ಕ್ಷಣ ಆಸ್ಪತ್ರೆ.

ಇಲ್ಲಿ ಕುದಿಸುವುದು ಉಲ್ಟಾ ಕೆಲಸ. ನೀರು ಆವಿಯಾಗಿ ನೈಟ್ರೇಟ್ ಇನ್ನೂ ಗಟ್ಟಿಯಾಗುತ್ತದೆ. ಕ್ಲೋರಿನ್‌ಗೂ ಜಗ್ಗಲ್ಲ. ಆರ್‌ಒ ಫಿಲ್ಟರ್ ಕಮ್ಮಿ ಮಾಡುತ್ತದೆ.

ಪರೀಕ್ಷೆ ಮಾಡಿಸುವುದು ಕಷ್ಟವೇನಲ್ಲ. ಜಲಜೀವನ್ ಮಿಷನ್ ಅಡಿ ಹಳ್ಳಿಗಳಿಗೆ ಟೆಸ್ಟ್ ಕಿಟ್ ಕೊಟ್ಟು ಹೆಣ್ಣುಮಕ್ಕಳಿಗೆ ತರಬೇತಿ ಕೊಡುತ್ತಾರೆ. ನಿಮ್ಮ ಪಂಚಾಯಿತಿಯಲ್ಲಿ ವಿಚಾರಿಸಿ. ರೋಗಾಣುವಿಗೆ ಒಂದು ಪುಟ್ಟ ಬಾಟಲಿ ಇರುತ್ತದೆ. ಗುರುತಿನವರೆಗೆ ನೀರು ತುಂಬಿ, ಬೆಚ್ಚಗಿನ ಜಾಗದಲ್ಲಿ 24ರಿಂದ 48 ಗಂಟೆ ಇಟ್ಟು ನೋಡುವುದು. ಕಪ್ಪಾದರೆ ಮಲದ ರೋಗಾಣು ಸೇರಿರುವ ಸಂಶಯ. ಮೊದಲೇ ಮೊಟ್ಟೆ ವಾಸನೆ ಇರುವ ನೀರು ಸುಮ್ನೆಯೂ ಕಪ್ಪಾಗಬಹುದು, ಆಗ ಲ್ಯಾಬಿಗೇ ಕಳಿಸಿ. ಕಪ್ಪಾದ ಬಾಟಲಿಗೆ ಬ್ಲೀಚಿಂಗ್ ಪೌಡರ್ ಹಾಕಿ, ಮಕ್ಕಳಿಗೆ ಸಿಗದಂತೆ ವಿಲೇವಾರಿ ಮಾಡಿ.

ಲ್ಯಾಬಿನ ವರದಿ ಬಂದಾಗ ನೈಟ್ರೇಟ್ ಪಕ್ಕದಲ್ಲಿ ಕ್ಲೋರೈಡ್ ಎಷ್ಟಿದೆ ನೋಡಿ. ಎರಡೂ ಸೇರಿ ಏರಿದ್ದರೆ ಪಾಯಖಾನೆ, ಬಚ್ಚಲ ಕಡೆ ಮೊದಲು ಹುಡುಕಿ. ನೈಟ್ರೇಟ್ ಒಂದೇ ಏರಿದ್ದರೆ ಯೂರಿಯಾ ಮೇಲೆ ಸಂಶಯ. ಇದು ಅಂದಾಜು, ತೀರ್ಪು ಅಲ್ಲ.

ಇನ್ನೊಂದು, ಎಲ್ಲಕ್ಕಿಂತ ಮುಖ್ಯ: ಬೇಸಿಗೆಯಲ್ಲಿ ಒಂದು ಸಲ ಟೆಸ್ಟ್ ಮಾಡಿಸಿ 'ಸರಿಯಿದೆ' ಅಂತ ಬಂದ ಕಾಗದವನ್ನು ಗೋಡೆಗೆ ಅಂಟಿಸಿಕೊಂಡು ಕೂರಬೇಡಿ. ಸುಣ್ಣಕಲ್ಲಿನಲ್ಲಿ ಮೇ ತಿಂಗಳ ನೀರು ಬೇರೆ, ಜೂನಿನ ನೀರು ಬೇರೆ. ಮೊದಲ ದೊಡ್ಡ ಮಳೆಯಾದ ಮರುದಿನ ಹಿಡಿದ ನೀರೇ ನಿಜ ಹೇಳುವುದು.

ಪಾಯಖಾನೆ ಗುಂಡಿ ತುಂಬುವುದೇ ಇಲ್ಲ

ಪಕ್ಕದ ಮನೆ ಕಾಕಾ ಹೆಮ್ಮೆಯಿಂದ ಹೇಳುತ್ತಿದ್ದರು: "10 ವರ್ಷ ಆತು ತಮ್ಮಾ, ನಮ್ಮ ಗುಂಡಿ ಇನ್ನಾ ತುಂಬಿಲ್ಲ. ನೆಲ ಭಾಳ ಛಲೋ ಅದ ನೋಡು." ಗುಂಡಿ ತೋಡುವಾಗ ತಳದಲ್ಲಿ ಕಲ್ಲಿನ ಸಂದು ಸಿಕ್ಕಿತ್ತಂತೆ, ಹಾರೆ ಅರ್ಧ ಒಳಗೆ ಹೋಗಿತ್ತಂತೆ. ಅದನ್ನು ಅವರು ಅದೃಷ್ಟ ಅಂದುಕೊಂಡಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ತುಂಬದ ಗುಂಡಿ ಸುಣ್ಣಕಲ್ಲಿನ ಊರಿನ ದೊಡ್ಡ ಲಕ್ಷಣ. ಅದು ಕಾಣುವುದು ಒಬ್ಬರ ಹಿತ್ತಲಲ್ಲಿ, ನೋವು ಇನ್ನೊಬ್ಬರ ಬಾವಿಯಲ್ಲಿ. ಬಾವಿಯಿಂದ 10 ಮೀಟರ್ ದೂರ ಇದ್ದರೆ ಸಾಕು ಅನ್ನುವ ಲೆಕ್ಕ ಮಣ್ಣಿನ ನೆಲಕ್ಕೆ. ಸಂದುಗಳಿರುವ ಬಂಡೆಯಲ್ಲಿ ಗುಂಡಿಯ ತಳ ಮುಚ್ಚಬೇಕು, ಸುತ್ತ ಅರ್ಧ ಮೀಟರ್ ದಪ್ಪಕ್ಕೆ ಸಣ್ಣ ಮರಳು ತುಂಬಬೇಕು. ಅದಕ್ಕಿಂತ ಒಳ್ಳೆಯದು ಸೋರದ ಸೆಪ್ಟಿಕ್ ಟ್ಯಾಂಕ್, ಅದರ ಹೊರನೀರು ಕಲ್ಲಿನ ಸಂದಿಗೆ ಬೀಳದಂತೆ.

ಬೋರ್ ರೀಚಾರ್ಜ್ ಬಗ್ಗೆಯೂ ಇದೇ ಮಾತು. ಕೇಸಿಂಗಿಗೆ ತೂತು ಕೊರೆದು, ಸುತ್ತ ಗುಂಡಿ ತೋಡಿ ಜಲ್ಲಿ ತುಂಬಿ, ಹೊಲದ ನೀರನ್ನೆಲ್ಲ ಅದಕ್ಕೆ ತಿರುಗಿಸುವುದು ಈಗ ಎಲ್ಲ ಕಡೆ ನಡೆಯುತ್ತಿದೆ. ಸುಣ್ಣಕಲ್ಲಿನಲ್ಲಿ ಕುಡಿಯುವ ನೀರಿನ ಬೋರಿಗೆ ನಾನಂತೂ ಇದನ್ನು ಮಾಡಿಸಲ್ಲ. ಚಾವಣಿಯ ನೀರನ್ನು ಸೋಸಿ ಬಿಡುವುದಾದರೆ ಆಗಲಿ.

ಗುಂಡಿಯ ನೀರು ಬಾವಿಗೇ ಬರುತ್ತಿದೆಯಾ ಅಂತ ಸಾಬೀತು ಮಾಡಲು ತಿಳಿದವರು ಫ್ಲೋರೆಸೀನ್ ಅನ್ನುವ ಹಸಿರು ಹೊಳಪಿನ ಬಣ್ಣ ಬಿಟ್ಟು ನೋಡುತ್ತಾರೆ. ಇದನ್ನು ಜಿಲ್ಲೆಯ ಅಂತರ್ಜಲ ಕಚೇರಿಯ ಭೂವಿಜ್ಞಾನಿಗಳಿಗೆ ಬಿಡಿ. ಹೋಳಿ ಬಣ್ಣ, ಇಂಕು ಸುರಿದು ನೋಡುವುದು ಬೇಡ. ಆ ನೀರು ಯಾರ ಕೊಡಕ್ಕೆ ಹೋಗುತ್ತದೋ ಗೊತ್ತಿಲ್ಲ.

ಮೂಲ ಮುಚ್ಚಿದರೆ ಗುಣವಾಗುತ್ತದೆಯಾ? ಅಮೆರಿಕದ ಕೆಂಟಕಿಯ ಹಾರ್ಸ್ ಕೇವ್ ಊರಲ್ಲಿ ಊರ ಕೊಳಚೆಯೆಲ್ಲ ಗುಹೆಗೆ ಇಳಿದು, ನಾತಕ್ಕೆ 1943ರಲ್ಲಿ ಗುಹೆ ನೋಡಲು ಬರುವವರನ್ನೇ ನಿಲ್ಲಿಸಿದ್ದರು. 1989ರಲ್ಲಿ ಹೊಸ ಶುದ್ಧೀಕರಣ ಘಟಕ ಶುರುವಾದ ಮೇಲೆ ಗುಹೆಯ ಕುರುಡು ಮೀನುಗಳೂ ವಾಪಸ್ ಬಂದವು. ಬೇಗ ಬರುವ ಹೊಲಸು ಬೇಗ ಹೋಗಲೂಬಹುದು. ಸಣ್ಣ ಸಂದುಗಳಲ್ಲಿ ಕೂತ ಎಣ್ಣೆ, ನೈಟ್ರೇಟ್ ಮಾತ್ರ ವರ್ಷಗಟ್ಟಲೆ ಸತಾಯಿಸುತ್ತವೆ.

ಕಾಕಾ ಒಪ್ಪಲು ಒಂದು ವರ್ಷ ಹಿಡಿಯಿತು. ಕಪ್ಪಾದ ಬಾಟಲಿಯನ್ನು ಅವರ ಕಟ್ಟೆಯ ಮೇಲಿಟ್ಟು ಮಾತಾಡಿದ ಮೇಲೆ ಗುಂಡಿಯ ಜಾಗದಲ್ಲಿ ಟ್ಯಾಂಕ್ ಕಟ್ಟಿಸಿದರು, ಖರ್ಚಿನಲ್ಲಿ ಪಾಲು ನಾವೂ ಕೊಟ್ಟೆವು. ಹೋದ ಮಳೆಗಾಲ ಬಾಟಲಿ ಕಪ್ಪಾಗಲಿಲ್ಲ. ರಾಡಿ ಈಗಲೂ ಬರುತ್ತದೆ, ಅದು ಹೊಲದ ಕಡೆಯಿಂದ ಇರಬೇಕು, ಹುಡುಕುತ್ತಿದ್ದೇನೆ. ಕಾಕಾ ಮಾತ್ರ ಸಿಕ್ಕಾಗೆಲ್ಲ ಬೈಯುತ್ತಾರೆ: "ನಿನ್ನ ಮಾತು ಕೇಳಿ ಈಗ ಟ್ಯಾಂಕ್ ತುಂಬಲಿಕ್ಕೆ ಹತ್ಯದ. ಖಾಲಿ ಮಾಡೋ ಗಾಡಿಗಿ ರೊಕ್ಕ ಯಾರ್ ಕೊಡ್ತಾರ?"